ಕುರ್ಚಿಯಿಂದ ಏಳುವ ಹೊತ್ತು

ಸದ್ದಪ್ಪನಂಥ ಇನ್ನೊಬ್ಬ ಪುಕ್ಕಲು ಮನುಷ್ಯನನ್ನು ನಾನು ನೋಡಿಲ್ಲ. ಗೋಡೆಯ ಮೇಲೆ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದರು. ಲಿಫ್ಟಿನಲ್ಲಿ ಒಬ್ಬರೇ ಬರಲು ಭಯ, ಹಾಗಾಗಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಸ್ಟುಡಿಯೋಗೆ ಬರುತ್ತಿದ್ದರು. ಇಂಥವರು ಜೀವನವಿಡೀ ಮಾಡಿದ್ದು ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸ. ಥಿಯೇಟರಿಗೆ ಥಿಯೇಟರೇ ಜೀವ ಕೈಯಲ್ಲಿ ಹಿಡಿದು ಕೂರುವಂತೆ ಮಾಡುತ್ತಿದ್ದ ಈ ಪುಣ್ಯಾತ್ಮ ತಮ್ಮ ಒಂದು ಸಿನಿಮಾವನ್ನೂ ಥಿಯೇಟರಿನಲ್ಲಿ ನೋಡಿದವರಲ್ಲ. ಯಾಕೆ ಅಂತ ಕೇಳಿದರೆ, "ಹೆದರ್ಕೊಳ್ಳೋಕೆ ಟಿಕೆಟ್ ಬೇರೆ ತಗೋಬೇಕಾ? ಮನೇಲಿ ಪುಕ್ಕಟೆ ಹಲ್ಲಿ ಇದೆಯಲ್ಲಮ್ಮ" ಅನ್ನುತ್ತಿದ್ದರು.

ಸದ್ದಪ್ಪ ಅನ್ನುವುದು ಸ್ಟುಡಿಯೋದವರು ಇಟ್ಟ ಹೆಸರು. ಪಕ್ಕದ ಕೋಣೆಯಲ್ಲಿ ಕೂತು ಚಿತ್ರ ಕತ್ತರಿಸಿ ಜೋಡಿಸುವವಳು ನಾನು, ಹಾಗಾಗಿ ಅವರ ಬಾಯಲ್ಲಿ ನಾನು ಕತ್ತರಿಯಮ್ಮ. ನನ್ನ ನಾಲಿಗೆ ನೋಡಿ ಇಟ್ಟ ಹೆಸರು ಅದು ಅಂತ ಅವರ ಹೆಂಡತಿ ನಗುತ್ತಿದ್ದಳು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಒಡಹುಟ್ಟಿದವಳಲ್ಲ, ಆದರೂ ಹುಷಾರಿಲ್ಲ ಅಂತ ಗೊತ್ತಾದರೆ ಗಂಜಿ ಹಿಡಿದು ಬಾಗಿಲಿಗೆ ಬರುತ್ತಿದ್ದವಳು ಅವಳೊಬ್ಬಳೇ.

ಸದ್ದಪ್ಪನ ಕೋಣೆಗೆ ಮೊದಲ ಸಲ ಹೋದವರು ಗುಜರಿ ಅಂಗಡಿಗೆ ಬಂದೆವೇನೋ ಅಂದುಕೊಳ್ಳುತ್ತಿದ್ದರು. ನೆಲದ ಮೇಲೆ ಮರಳಿನ ತಟ್ಟೆ, ಜಲ್ಲಿಕಲ್ಲಿನ ತಟ್ಟೆ, ಹಳೆಯ ಹಲಗೆಗಳು. ಒಂದು ಮೂಲೆಯಲ್ಲಿ ಗೋಡೆಯೇ ಇಲ್ಲದೆ ನಿಂತ ಬಾಗಿಲು, ಅದರ ತಿರುಗಣಿಗೆ ಯಾರೂ ಎಣ್ಣೆ ಬಿಡಬಾರದೆಂದು ಕಟ್ಟಪ್ಪಣೆ. ಗಂಡಸರ ಬೂಟು, ಹೆಂಗಸರ ಚಪ್ಪಲಿ, ಮಕ್ಕಳ ಶೂಗಳ ಒಂದು ರಾಶಿ. ಮೂಳೆ ಮುರಿಯುವ ಸದ್ದಿಗೆ ಸೌತೆಕಾಯಿ ಮುರಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಮೂಳೆಗಳಿಗೆ ಉಪ್ಪು ಹಚ್ಚಿಕೊಂಡು ನಾವಿಬ್ಬರೂ ತಿನ್ನುತ್ತಿದ್ದೆವು.

ಆದರೆ ಅವರಿಗೆ ಹೆಸರು ತಂದದ್ದು ಮೂಳೆ ಮುರಿಯುವುದಲ್ಲ. ಸಿನಿಮಾದ ಶುರು, ಹೆಸರುಗಳು ಬರುವ ಮುಂಚಿನ ಆ ಕೆಲವು ನಿಮಿಷ ಅವರ ಖಾಸಾ ಜಾಗ. ಹೊಸ ನಿರ್ದೇಶಕರು ಬಂದವರೇ ಗುಡುಗು ಬೇಕು, ಗೂಬೆ ಬೇಕು, ನಾಯಿ ಊಳಿಡಬೇಕು ಅಂತ ಪಟ್ಟಿ ಒಪ್ಪಿಸುತ್ತಿದ್ದರು. ಸದ್ದಪ್ಪ ಎಲ್ಲದಕ್ಕೂ ಹೂಂಗುಟ್ಟಿ, ಅವರು ಹೋದ ಮೇಲೆ ಗೂಬೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು.

"ಗುಡುಗು ಬಂದ ತಕ್ಷಣ ಜನಕ್ಕೆ ಗೊತ್ತಾಗುತ್ತೆ, ಓ ಇದು ಸಿನಿಮಾ ಅಂತ" ಅನ್ನುತ್ತಿದ್ದರು ನನಗೆ. "ಮೊದಲು ಮನೆ ಬದುಕಿರಬೇಕು ಕತ್ತರಿಯಮ್ಮ. ಜನ ಬಂದು ಕೂತು, ಚೀಲ ಕಾಲ ಹತ್ರ ಇಟ್ಟು, ಪಕ್ಕದವನ ಮೊಣಕೈ ಸರಿಸಿ ಆರಾಮಾಗಲಿ. ನಲ್ಲಿ ತೊಟ್ಟಿಕ್ಕಲಿ, ಫ್ಯಾನು ಕಟಕಟ ಅನ್ನಲಿ, ಫ್ರಿಜ್ಜು ಗುಂಯ್ ಅಂತಿರಲಿ, ಒಳಗೆ ಯಾರೋ ಪಾತ್ರೆ ಎತ್ತಿಡ್ತಾ ಇರಲಿ. ಆಮೇಲೆ ಒಂದೊಂದೇ ತೆಗೀಬೇಕು. ಬರೋ ಸದ್ದಿಗೆ ಜನ ಬೆಚ್ತಾರೆ ಅಷ್ಟೇ. ಇದ್ದ ಸದ್ದು ಇಲ್ಲ ಅಂದಾಗ ನೋಡು, ಆಗ ಹೆದರ್ತಾರೆ."

ಮೊದಲು ಫ್ರಿಜ್ಜು ನಿಲ್ಲುತ್ತಿತ್ತು. ಅದು ನಿಂತದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ, ಬಾಯಾಡಿಸುವುದನ್ನು ಮಾತ್ರ ಜನ ನಿಲ್ಲಿಸುತ್ತಿದ್ದರು. ಆಮೇಲೆ ಫ್ಯಾನು. ಆಮೇಲೆ ನಲ್ಲಿ, ಅಷ್ಟರಲ್ಲಿ ಕೆಲವರು ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡಿರುತ್ತಿದ್ದರು. ಒಳಗಿನ ಮನುಷ್ಯರ ಸದ್ದು ಮಾತ್ರ ಯಾವಾಗಲೂ ಕೊನೆಗೆ. ಅದು ನಿಂತ ಮೇಲೆ ಉಳಿಯುವುದು ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಪೇಪರ್ ಓದುತ್ತ ಕೂತ ಒಬ್ಬ ಮನುಷ್ಯ. ಅವನು ತಲೆ ಎತ್ತುತ್ತಾನೆ, ಕಿವಿಗೊಡುತ್ತಾನೆ, ಎದ್ದು ಹೋಗಿ ನೋಡಬೇಕೋ ಬೇಡವೋ ಎಂದು ಅನುಮಾನಿಸುತ್ತಾನೆ.

ಇಲ್ಲೇ ನಮ್ಮಿಬ್ಬರಿಗೂ ಜಗಳ. ಅವನನ್ನು ಎಬ್ಬಿಸುವುದು ನನ್ನ ಕೆಲಸ. ನಾನು ಬೇಗ ಎಬ್ಬಿಸಿದರೆ ಸದ್ದಪ್ಪ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದರು.

"ಇನ್ನೂ ಸ್ವಲ್ಪ ಕೂರಿಸು."

"ಬೇಜಾರಾಗಿ ಜನಾನೇ ಎದ್ದು ಹೋಗ್ತಾರೆ ನೋಡಿ."

"ಹೋಗಲ್ಲ. ಅವನು ಎದ್ದು ಹೋಗಿ ನೋಡಿದ ಅಂದ್ರೆ ಮುಗೀತು, ಒಳಗೆ ಏನಿದೆ ಅಂತ ಗೊತ್ತಾಗಿಹೋಗುತ್ತೆ. ಏಳೋವರೆಗೂ ಎಲ್ಲಾ ಸರಿಯಾಗೂ ಇರಬಹುದಲ್ಲ? ಅದಕ್ಕೇ ಹೇಳ್ತಿರೋದು, ಇನ್ನೂ ಸ್ವಲ್ಪ ಕೂರಿಸು."

ನಾನು ಮೂಗು ಮುರಿದು ಕೂರಿಸುತ್ತಿದ್ದೆ. ಅವರು ಹೇಳಿದ್ದೇ ಸರಿಯಿರುತ್ತಿತ್ತು ಅನ್ನುವುದು ನನಗೆ ಇನ್ನೂ ಕೋಪ ತರಿಸುತ್ತಿತ್ತು.

ಅಡುಗೆಮನೆಯ ಆ ಸದ್ದೆಲ್ಲ ಅಕ್ಕನದು. ಸ್ಟುಡಿಯೋದಲ್ಲಿ ಪಾತ್ರೆ ಬಡಿದರೆ ಪಾತ್ರೆ ಬಡಿದ ಹಾಗೇ ಕೇಳುತ್ತದೆ, ಅದರಲ್ಲಿ ಸಂಸಾರ ಇರುವುದಿಲ್ಲ ಅಂತ ಸದ್ದಪ್ಪನ ವಾದ. ಹಾಗಾಗಿ ಮನೆಯ ಅಡುಗೆಮನೆಯ ಕಪಾಟಿನ ಮೇಲೆ, ಡಬ್ಬಿಗಳ ನಡುವೆ ಒಂದು ಮೈಕು. ಅಕ್ಕ ಪಾಪ, ಅದನ್ನೂ ಡಬ್ಬಿಗಳ ಜೊತೆ ಒರೆಸಿಡುತ್ತಿದ್ದಳು. ಅವಳಿಗೆ ಎಡಗಾಲು ಸ್ವಲ್ಪ ಎಳೆದು ನಡೆಯುವ ಅಭ್ಯಾಸ. ರಬ್ಬರ್ ಚಪ್ಪಲಿ ಹಾಕಿಕೊಂಡು ಒಲೆಯಿಂದ ಸಿಂಕಿಗೆ ಹೋದರೆ ಸರ್‌-ಪಟ್, ಸರ್‌-ಪಟ್. ಕೆಲಸ ಮಾಡುವಾಗ ಪದವಿಲ್ಲದ ಒಂದು ರಾಗವನ್ನು ಗುನುಗುತ್ತಿದ್ದಳು. ಅದು ಎಂದೂ ಪೂರ್ತಿಯಾದದ್ದಿಲ್ಲ. ಒಂದು ಏರಿಗೆ ಬಂದ ಕೂಡಲೇ ಏನೋ ನೆನಪಾಗಿ ಬಿಟ್ಟುಬಿಡುತ್ತಿದ್ದಳು.

"ಅಷ್ಟೊಂದು ಸಿನಿಮಾದಲ್ಲಿ ಪಾರ್ಟು ಮಾಡಿದೀನಿ, ಒಂದರಲ್ಲೂ ಮುಖ ಇಲ್ಲ" ಅಂತ ಅಣಕಿಸುತ್ತಿದ್ದಳು. "ಎಲ್ಲದರಲ್ಲೂ ಶುರುವಲ್ಲೇ ನನ್ನನ್ನ ಮುಗಿಸಿಬಿಡ್ತಾರೆ ನಿಮ್ಮ ಭಾವ."

ಹೌದು, ನಾನು ಅವಳನ್ನು ಅಕ್ಕ ಅಂದದ್ದಕ್ಕೆ ಸದ್ದಪ್ಪ ನನಗೆ ಭಾವ ಆಗಿಬಿಟ್ಟಿದ್ದರು. ಭಾವ ಆಗ ಪೆಚ್ಚಾಗಿ ನಕ್ಕು ಚಹಾದ ಲೋಟದೊಳಗೆ ಮುಖ ಇಡುತ್ತಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ ಆ ಮಾತಿಗೆ. ಈಗ ಅದನ್ನು ಬರೆಯುವಾಗ ಕೈ ಭಾರವಾಗುತ್ತದೆ.

ವಯಸ್ಸಾಗಿ ಮಂಡಿ ನೋವು ಶುರುವಾದ ಮೇಲೆ ಸದ್ದಪ್ಪನಿಗೆ ಸ್ಟುಡಿಯೋದ ಮೆಟ್ಟಿಲು ಹತ್ತಲಾಗಲಿಲ್ಲ. ಲಿಫ್ಟಿನ ಮಾತಂತೂ ಎತ್ತುವ ಹಾಗಿರಲಿಲ್ಲ. ಮನೆಯ ಹಿಂದಿನ ಕೋಣೆಯನ್ನೇ ಕೆಲಸದ ಕೋಣೆ ಮಾಡಿಕೊಂಡರು. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಹೊರಗಿನ ಒಂದು ಪಿಸುಮಾತೂ ಒಳಗೆ ಬಾರದ ಹಾಗೆ ಭದ್ರ ಮಾಡಿದರು. ಅದರ ಮೇಲೆ ಕಿವಿಗೆ ದಪ್ಪ ಹೆಡ್‌ಫೋನು.

"ಆ ಗುಹೆ ಸೇರಿದ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ ಇವರಿಗೆ" ಅಂತ ಅಕ್ಕ ನನ್ನೆದುರಿಗೇ ಬೈದಳು ಒಂದು ದಿನ.

"ನೀನಿದ್ದೀಯಲ್ಲ, ಬಂದು ಕರೀತೀಯ" ಅಂದರು ಸದ್ದಪ್ಪ.

ಆಮೇಲೆ ಬಂದ ಆ ಕೆಟ್ಟ ದಿನದ ವಿಷಯ ನಾನು ಕಣ್ಣಾರೆ ಕಂಡದ್ದಲ್ಲ. ಸದ್ದಪ್ಪ ನನಗೆ ಮಾತ್ರ ಹೇಳಿದ್ದು.

ಬೆಳಗಿನ ಹೊತ್ತು. ಒಂದು ಹೊಸ ಸಿನಿಮಾದ ಶುರು ಅವರ ಕೈಯಲ್ಲಿತ್ತು. ಅದೇ ಮನೆ, ಅದೇ ಕುರ್ಚಿ, ಪೇಪರ್ ಓದುವ ಮನುಷ್ಯ, ಒಳಗೆ ಅಡುಗೆಮನೆ. ಹಿಂದಿನ ವಾರ ರೆಕಾರ್ಡು ಮಾಡಿಕೊಂಡಿದ್ದ ಅಕ್ಕನ ಸದ್ದನ್ನು ಹಾಕಿಕೊಂಡು, ಎಲ್ಲಿ ನಿಲ್ಲಿಸಿದರೆ ಜನ ಹೆದರುತ್ತಾರೆಂದು ಹುಡುಕುತ್ತಿದ್ದರು. ಪಾತ್ರೆ ಎತ್ತಿಟ್ಟಳು. ಸರ್‌-ಪಟ್, ಸರ್‌-ಪಟ್. ನಲ್ಲಿ ತಿರುಗಿಸಿದಳು. ಗುನುಗಿದಳು. ಏರಿಗೆ ಬಂದು ಬಿಟ್ಟಳು. ಮತ್ತೆ ಹಿಂದಕ್ಕೆ ಹೋಗಿ ಮೊದಲಿಂದ ಕೇಳಿದರು. ಮತ್ತೆ ಎತ್ತಿಟ್ಟಳು, ಮತ್ತೆ ನಡೆದಳು. ಕಿವಿಯ ತುಂಬ ಹೆಂಡತಿ ಓಡಾಡುತ್ತಿದ್ದಾಳೆ, ಮನೆ ಬದುಕಿದೆ. ಹೆಡ್‌ಫೋನು ಹಾಕಿ ಕೂತ ಮನುಷ್ಯನಿಗೆ ಇನ್ನೇನು ಅನುಮಾನ ಬರಬೇಕು?

ಕಾಲಿಗೆ ತಣ್ಣಗಾಯಿತಂತೆ. ಬಗ್ಗಿ ನೋಡಿದರೆ ಬಾಗಿಲ ಕೆಳಗಿನಿಂದ ನೀರು ಬಂದು ಕಾಲುಚೀಲ ನೆನೆದಿತ್ತು. ರಬ್ಬರ್ ಪಟ್ಟಿ ಸದ್ದನ್ನು ತಡೆದಿತ್ತು, ನೀರನ್ನು ತಡೆದಿರಲಿಲ್ಲ. ಇದೇನು ಇವಳು ನಲ್ಲಿ ಬಿಟ್ಟು ಎಲ್ಲಿ ಹೋದಳು ಅಂತ ಗೊಣಗಿಕೊಂಡೇ ಹೆಡ್‌ಫೋನು ತೆಗೆದು ಬಾಗಿಲು ತೆರೆದರು.

ಸಿಂಕು ತುಂಬಿ ನೀರು ನೆಲಕ್ಕೆ ಸುರಿಯುತ್ತಿತ್ತು. ಅಕ್ಕ ಆ ನೀರಿನಲ್ಲೇ ಬಿದ್ದಿದ್ದಳು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ತೇಲಿಕೊಂಡು ಬಾಗಿಲ ಹತ್ತಿರ ಬಂದಿತ್ತು. ಉಸಿರಿತ್ತು, ಮಾತಿರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿದೆ ಅಂದರು ಆಸ್ಪತ್ರೆಯಲ್ಲಿ. ಡಾಕ್ಟರು ಒಳ್ಳೆಯವರೇ, ಆದರೆ ಕೆಲವು ಮಾತನ್ನು ಒಳ್ಳೆಯವರೂ ಆಡಬಾರದು. "ಬಿದ್ದ ತಕ್ಷಣ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಅಂದರು. ಮಾರನೆಯ ದಿನ ಅಕ್ಕ ಹೋಗಿಬಿಟ್ಟಳು.

ಆ ಮಾತನ್ನು ಮಗಳೂ ಕೇಳಿಸಿಕೊಂಡಿದ್ದಳು. ಒಬ್ಬಳೇ ಮಗಳು, ನಾಲ್ಕು ಬೀದಿ ಆಚೆ ಮನೆ, ಔಷಧಿ ಅಂಗಡಿಯಲ್ಲಿ ಕೆಲಸ. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ಕೇಳಿದಳು, "ಅಮ್ಮ ಬಿದ್ದಾಗ ನೀವು ಎಲ್ಲಿದ್ರಿ?"

"ಹಿಂದಿನ ಕೋಣೇಲಿ."

"ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ಲಿಲ್ಲಮ್ಮ."

"ಪಕ್ಕದ ಮನೆಯವರು ಚಿಲಕ ಹಾಕಿದ್ದು ಕೇಳುತ್ತೆ ನಿಮಗೆ. ನನ್ನ ಸ್ಕೂಟರ್ ಬೀದಿ ತಿರುವಲ್ಲಿರುವಾಗಲೇ ಗೊತ್ತಾಗುತ್ತೆ. ಅಮ್ಮ ಬಿದ್ದದ್ದು ಕೇಳಿಸ್ಲಿಲ್ಲ?"

ಅದೇ ಕೊನೆ. ಅಲ್ಲಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಹಾಗಂತ ಕೈಬಿಟ್ಟಳೇ? ಅದೂ ಇಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಊಟದ ಕ್ಯಾರಿಯರು ತಂದು ಬಾಗಿಲ ಹಿಡಿಗೆ ನೇತು ಹಾಕಿ, ಗಂಟೆ ಒತ್ತಿ, ಅಪ್ಪ ಬರುವುದರೊಳಗೆ ಹೊರಟುಬಿಡುತ್ತಿದ್ದಳು. ಉಪ್ಪು ಹುಳಿ ಖಾರ ಎಲ್ಲ ಹದವಾಗಿರುತ್ತಿತ್ತು, ಮಾತು ಮಾತ್ರ ಇಲ್ಲ. ಅವಳೂ ಅಮ್ಮನ ಹಾಗೇ ಎಡಗಾಲು ಎಳೆದು ನಡೆಯುತ್ತಾಳೆ. ಸದ್ದಪ್ಪ ಬಾಗಿಲ ಈಚೆ ನಿಂತು, ಆ ಸದ್ದು ಮೆಟ್ಟಿಲಿಳಿದು ಬೀದಿ ಸೇರುವವರೆಗೂ ಕೇಳಿಸಿಕೊಂಡು, ಆಮೇಲೆ ಬಾಗಿಲು ತೆರೆಯುತ್ತಿದ್ದರು.

ನಾನು ಸುಮ್ಮನಿರುವವಳಲ್ಲ. "ನಿಜ ಹೇಳಿಬಿಡಿ ಭಾವ ಅವಳಿಗೆ" ಅಂದೆ.

"ಏನಂತ ಹೇಳ್ಲಿ?" ಅಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. "ನಿಮ್ಮಮ್ಮ ನೀರಲ್ಲಿ ಬಿದ್ದಿದ್ಲು, ನಾನು ಈಚೆ ಕೂತು ಅವಳ ಸದ್ದು ಎಲ್ಲಿ ನಿಲ್ಲಿಸಿದ್ರೆ ಜನ ಹೆದರ್ತಾರೆ ಅಂತ ನೋಡ್ತಿದ್ದೆ ಅಂತ ಹೇಳ್ಲಾ? ಬೇಡ. ಕಿವುಡ ಅಂದ್ಕೊಳ್ಲಿ. ಕಲ್ಲುಹೃದಯದವನು ಅಂದ್ಕೊಳ್ಲಿ. ನೀನೂ ಹೇಳಬಾರದು. ಅಕ್ಕನ ಆಣೆ."

ಸತ್ತವಳ ಮೇಲೆ ಆಣೆ ಹಾಕಿಸಿದರೆ ಏನು ಮಾಡುವುದು? ಬಾಯಿ ಹೊಲಿದುಕೊಂಡೆ.

ಸಿನಿಮಾ ಅರ್ಧಕ್ಕೆ ನಿಂತಿತ್ತು. ನಿರ್ದೇಶಕ ಇನ್ನೂ ಮೀಸೆ ಚಿಗುರದ ಹುಡುಗ, ಹಣ ಹಾಕಿದವರ ಕಾಟ ತಡೆಯಲಾರದೆ ನನ್ನ ಮುಂದೆ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಬೇರೆ ಸದ್ದು ಹಾಕೋಣ ಅಂದೆ. ಆದರೆ ಸದ್ದಪ್ಪನೇ ಬೇಡ ಅಂದರು. ತಾವು ಮಾಡಿದ್ದನ್ನು ನನ್ನ ಕೈಗೆ ಕೊಟ್ಟು, "ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿದೀನಿ. ಆವತ್ತೇ ಹಾಕಿದ್ದು. ನಿಲ್ಲಿಸೋಕೆ ನನ್ನ ಕೈಲಾಗಲ್ಲ. ನೀನು ಕತ್ತರಿಸು" ಅಂದರು.

"ತೆಗೆದುಬಿಡೋಣ ಭಾವ. ಯಾಕೆ ಈ ಸಂಕಟ?"

"ತೆಗೆದ್ರೆ ಅವಳು ಎಲ್ಲೂ ಇರಲ್ಲ."

ಹಳೆಯ ಸಿನಿಮಾಗಳಲ್ಲೂ ಇದ್ದಾಳಲ್ಲ ಅಂತ ನಾನು ಹೇಳಬಹುದಿತ್ತು. ಆದರೆ ಅವರಿಗೆ ಬೇಕಾಗಿದ್ದದ್ದು ಆ ಹಿಂದಿನ ವಾರದ ಅಕ್ಕ, ಕೊನೆಯ ಸಲ ಮೈಕಿನ ಮುಂದೆ ನಡೆದವಳು. ಅದನ್ನು ನನ್ನ ಕೋಣೆಗೆ ತಂದು ಕೂತೆ. ಮೊದಲು ಫ್ರಿಜ್ಜು ತೆಗೆದೆ, ಆಮೇಲೆ ಫ್ಯಾನು, ಆಮೇಲೆ ತೊಟ್ಟಿಕ್ಕುವ ನಲ್ಲಿ. ಅಕ್ಕ ಒಬ್ಬಳೇ ಉಳಿದಳು. ಸರ್‌-ಪಟ್, ಸರ್‌-ಪಟ್, ಆ ಗುನುಗು, ಆ ಏರು. ಗುರುತು ಬಂದಲ್ಲಿ ನಿಲ್ಲಿಸಿದೆ. ಆಮೇಲೆ ಕುರ್ಚಿಯ ಮನುಷ್ಯನನ್ನು ಎಬ್ಬಿಸಬೇಕಾದ ಜಾಗಕ್ಕೆ ಬಂದೆ, ಹಾಳಾದ ಅಭ್ಯಾಸ, ಇನ್ನೂ ಸ್ವಲ್ಪ ಕೂರಿಸಿದೆ. ಆ ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಷ್ಟು ನಾನು ಅಕ್ಕ ಹೋದ ದಿನವೂ ಅತ್ತಿರಲಿಲ್ಲ.

ಸಿನಿಮಾ ಬಿಡುಗಡೆಯಾಯಿತು. ಶುರುವಿಗೇ ಜನ ಬೆವರುತ್ತಾರೆ ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಬೀದಿಯ ಕೊನೆಯ ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವನು ನನ್ನ ಪರಿಚಯದವನು. ಒಂದು ದಿನ ದಾರಿಯಲ್ಲಿ ನಿಲ್ಲಿಸಿ ಕೇಳಿದ, "ನಿಮ್ಮ ಸದ್ದಪ್ಪನವರು ದಿನಾ ಮ್ಯಾಟಿನಿಗೆ ಬರ್ತಾರಲ್ಲ ಮೇಡಂ, ಶುರುವಲ್ಲೇ ಎದ್ದು ಹೋಗಿಬಿಡ್ತಾರೆ. ಅವರದೇ ಸಿನಿಮಾ, ಅವರಿಗೇ ಹಿಡಿಸಲಿಲ್ವಾ?"

ಹಲ್ಲಿಗೆ ಹೆದರುವ ಮನುಷ್ಯ. ದಿನಾ. ಒಬ್ಬರೇ.

ನಾನು ನೆಟ್ಟಗೆ ಔಷಧಿ ಅಂಗಡಿಗೆ ಹೋದೆ. ಮಗಳು ತಲೆನೋವಿನ ಮಾತ್ರೆ ಕೊಡುತ್ತ, "ಯಾಕೆ ಚಿಕ್ಕಮ್ಮ, ಮುಖ ಹೀಗಿದೆ?" ಅಂದಳು.

"ನಾಳೆ ರಜಾ ಹಾಕು. ಸಿನಿಮಾಕ್ಕೆ ಹೋಗೋಣ."

"ದೆವ್ವದ ಸಿನಿಮಾ ನೋಡೋ ಹಣೆಬರಹ ನನಗೆ ಯಾಕೆ?"

"ಪೂರ್ತಿ ನೋಡಬೇಡ. ಶುರು ಕೇಳು, ಸಾಕು. ಆಮೇಲೆ ನನ್ನನ್ನ ಬೇಕಾದ್ರೆ ಬಾಯಿಗೆ ಬಂದ ಹಾಗೆ ಬೈ."

ಆಣೆ ಇದ್ದದ್ದು ಹೇಳಬಾರದು ಅಂತ. ಕೇಳಿಸಬಾರದು ಅಂತ ಇರಲಿಲ್ಲ.

ಮರುದಿನ ನಾವು ಹೋದಾಗ ಸದ್ದಪ್ಪ ಆಗಲೇ ದಾರಿಯ ಪಕ್ಕದ ಸೀಟಿನಲ್ಲಿ ಕೂತಿದ್ದರು. ಮಗಳನ್ನು ನೋಡಿ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಒಂದು ನೋಟ ಬಿಟ್ಟರು, ಆ ನೋಟಕ್ಕೆ ನಾನು ಸುಟ್ಟುಹೋಗಬೇಕಿತ್ತು. ಮಗಳು ತಿರುಗಿ ಹೊರಡುವವಳಿದ್ದಳು. ನಾನು ಭುಜ ಒತ್ತಿ ಅಪ್ಪನ ಪಕ್ಕದಲ್ಲೇ ಕೂರಿಸಿ, ಅವಳ ಈಚೆ ಕೂತೆ. ದೀಪ ಆರಿತು.

ಮುಂದಿನ ಕೋಣೆ. ಕುರ್ಚಿ. ಪೇಪರ್. ಒಳಗೆ ಮನೆ ಬದುಕಿತ್ತು. ಜನ ಚೀಲ ಸರಿಸಿಕೊಂಡರು, ಬಾಯಾಡಿಸಿದರು. ಅಡುಗೆಮನೆಯಲ್ಲಿ ಯಾರೋ ಒಲೆಯಿಂದ ಸಿಂಕಿನ ಕಡೆ ನಡೆದರು.

ಸರ್‌-ಪಟ್, ಸರ್‌-ಪಟ್.

ಮಗಳ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. "ಅಮ್ಮ" ಅಂದಳು. ಪ್ರಶ್ನೆಯಲ್ಲ, ಕರೆದ ಹಾಗೆ.

ಗುನುಗು ಬಂತು. ಇಡೀ ಥಿಯೇಟರಿನಲ್ಲಿ ಅಕ್ಕ ಓಡಾಡಿದಳು, ನಮ್ಮ ಎಡಕ್ಕೆ, ಬಲಕ್ಕೆ, ಬೆನ್ನ ಹಿಂದೆ. ಫ್ರಿಜ್ಜು ನಿಂತಿತು. ಫ್ಯಾನು ನಿಂತಿತು. ಮಗಳು ಅಪ್ಪನ ಕಡೆ ತಿರುಗಿದಳು. ತೆರೆಯ ಬೆಳಕಿನಲ್ಲಿ ಅವರು ಕಣ್ಣು ಮುಚ್ಚಿ, ಎರಡೂ ಕೈ ಕಿವಿಯ ಹತ್ತಿರ ಹಿಡಿದು ಕೂತಿದ್ದರು, ಇಲ್ಲದ ಹೆಡ್‌ಫೋನನ್ನು ಹಿಡಿದುಕೊಂಡ ಹಾಗೆ. ಅವಳು ಆ ಕೈಗಳನ್ನೇ ನೋಡಿದಳು.

"ಆವತ್ತು ಇದನ್ನೇ ಕೇಳ್ತಿದ್ರಾ?" ಅಂದಳು. "ಅಪ್ಪ, ಅಮ್ಮ ಓಡಾಡ್ತಿದ್ದಾಳೆ ಅಂದ್ಕೊಂಡ್ರಾ?"

ಸದ್ದಪ್ಪನ ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂದಿತ್ತು.

ನಲ್ಲಿ ನಿಂತಿತು. ಗುನುಗು ಏರಿಗೆ ಬಂತು, ಚಪ್ಪಲಿ ಒಂದು ಸಲ ಸರಿಯಿತು, ಅಲ್ಲಿಗೆ ನಿಂತಿತು. ಥಿಯೇಟರಿನಲ್ಲಿ ಒಬ್ಬರೂ ಉಸಿರಾಡಲಿಲ್ಲ.

ಸದ್ದಪ್ಪ ಎದ್ದು ನಿಂತರು.

"ಕೂತ್ಕೊಳ್ರೀ, ಕಾಣಿಸ್ತಿಲ್ಲ!" ಹಿಂದಿನವರು ಗದರಿದರು.

"ಸದ್ದು ನಿಂತಿತು" ಅಂದರು ಸದ್ದಪ್ಪ, ಯಾರಿಗೂ ಅಲ್ಲ. "ಹೋಗಿ ನೋಡಬೇಕು."

ಆಗ ನನಗೆ ಅರ್ಥವಾಯಿತು, ಇವರು ದಿನಾ ಟಿಕೆಟ್ ತೆಗೆದುಕೊಂಡು ಬರುತ್ತಿದ್ದದ್ದು ಯಾಕೆಂದು. ಅಕ್ಕನನ್ನು ಕೇಳುವುದಕ್ಕಷ್ಟೇ ಅಲ್ಲ, ಹೊತ್ತಿಗೆ ಸರಿಯಾಗಿ ಏಳುವುದಕ್ಕೆ. ಮಂಡಿ ನೋವಿನ ಕಾಲೆಳೆದುಕೊಂಡು ಅವರು ಕತ್ತಲಲ್ಲಿ ಬಾಗಿಲ ಕಡೆ ಹೆಜ್ಜೆ ಇಟ್ಟರು. ಮಗಳು ನನ್ನ ಕೈ ಬಿಟ್ಟು ಎದ್ದು, ಅವರ ತೋಳು ಹಿಡಿದುಕೊಂಡಳು.

"ನಿಲ್ಲಿ ಅಪ್ಪ, ಕತ್ತಲಿದೆ" ಅಂದಳು. "ಇಬ್ಬರೂ ಹೋಗಿ ನೋಡೋಣ."

ನಾನು ಅಲ್ಲೇ ಕೂತಿದ್ದೆ. ತೆರೆಯ ಮೇಲೆ ಆ ಮನುಷ್ಯ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.